ಆರು ಶಿಲಿಂಗಿನ ಜಗಳ: 1895–96ರಲ್ಲಿ ರಗ್ಬಿ ಎರಡಾದದ್ದು ಹೇಗೆ

ರಗ್ಬಿ ಎಂದರೆ ಒಂದೇ ಆಟ ಅಂದುಕೊಂಡವರು ನಮ್ಮಲ್ಲಿ ಬಹಳ. ಒಲಿಂಪಿಕ್ಸ್‌ನಲ್ಲಿ ಕಾಣುವ ಏಳು ಮಂದಿಯ ಆಟ, ದೊಡ್ಡ ವಿಶ್ವಕಪ್‌ನಲ್ಲಿ ಕಾಣುವ ಹದಿನೈದು ಮಂದಿಯ ಆಟ, ಇವೆರಡೂ ರಗ್ಬಿ ಯೂನಿಯನ್ ಎಂಬ ಒಂದೇ ಮನೆಯವು. ಅದರಿಂದ ಬೇರೆಯಾಗಿ ಹದಿಮೂರು ಮಂದಿ ಆಡುವ ರಗ್ಬಿ ಲೀಗ್ ಎಂಬ ಇನ್ನೊಂದು ಆಟವಿದೆ. ಅದರ ನಿಯಮ ಬೇರೆ, ಆಡಳಿತ ಬೇರೆ, ಅಭಿಮಾನಿಗಳೂ ಬೇರೆ. ಉತ್ತರ ಇಂಗ್ಲೆಂಡಿನ ವಿಗನ್, ಸೇಂಟ್ ಹೆಲೆನ್ಸ್‌ನಂಥ ಊರುಗಳಲ್ಲೂ ಆಸ್ಟ್ರೇಲಿಯದ ಸಿಡ್ನಿ, ಬ್ರಿಸ್ಬೇನ್‌ಗಳಲ್ಲೂ ಜನ ಮುಗಿಬಿದ್ದು ನೋಡುವುದು ಇದನ್ನೇ.

ಈ ಎರಡು ಆಟಗಳು ನಿಯಮದ ತಕರಾರಿನಿಂದ ಬೇರೆಯಾದವು ಎಂದು ಊಹಿಸುವುದು ಸಹಜ. ಆದರೆ ಬೇರೆಯಾದ ಮೊದಲ ಋತುವನ್ನು, ಅಂದರೆ 1895–96ನ್ನು, ತೆರೆದು ನೋಡಿದರೆ ಆ ಊಹೆ ನಿಲ್ಲುವುದಿಲ್ಲ. 1895ರ ಸೆಪ್ಟೆಂಬರ್ 7ರ ಶನಿವಾರ ಹಳೆಯ ಯೂನಿಯನ್ ಬಿಟ್ಟು ಬಂದ ಉತ್ತರದ ಕ್ಲಬ್ಬುಗಳ ಹೊಸ ಸಂಘಟನೆಯಾದ ನಾರ್ದರ್ನ್ ಯೂನಿಯನ್ನಿನ ಮೊದಲ ಪಂದ್ಯಗಳನ್ನು ನೋಡಲು ಬಂದವರಿಗೆ ಕಂಡದ್ದು ಅದೇ ಹಳೆಯ ಆಟ. ಪ್ರತಿ ತಂಡಕ್ಕೆ ಹದಿನೈದು ಜನ, ಎರಡೂ ಕಡೆಯವರು ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವ ಅದೇ ಸ್ಕ್ರಮ್, ಚೆಂಡು ಪಕ್ಕದ ಗೆರೆ ದಾಟಿದರೆ ಸಾಲಾಗಿ ನಿಂತವರ ನಡುವೆ ಅದನ್ನು ಎಸೆಯುವ ಅದೇ ಲೈನ್‌ಔಟ್, ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ, ಅಂದರೆ ಟ್ರೈಗೆ, ಅದೇ ಮೂರು ಅಂಕ. ಬದಲಾಗಿದ್ದದ್ದು ಒಂದೇ. ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡವನಿಗೆ ದಿನಕ್ಕೆ ಹೆಚ್ಚೆಂದರೆ ಆರು ಶಿಲಿಂಗ್ ಕೊಡಬಹುದು ಎಂದು ಒಪ್ಪಿಕೊಂಡಿದ್ದರು, ಅಷ್ಟೆ.

ಆರು ಶಿಲಿಂಗ್ ಎಂದರೆ ಆಗಿನ ಕಾಲಕ್ಕೆ ನುರಿತ ಕೆಲಸಗಾರನ ಒಂದು ದಿನದ ಕೂಲಿಯ ಆಸುಪಾಸು. ಯಾರೂ ಅದರಿಂದ ಶ್ರೀಮಂತರಾಗುವಂತಿರಲಿಲ್ಲ. ಹಾಗಾದರೆ ಅಷ್ಟಕ್ಕೆ ಒಂದು ಆಟ ಇಬ್ಭಾಗವಾಗುವಂಥದ್ದೇನಿತ್ತು?

ಶನಿವಾರದಿಂದ ಶುರುಮಾಡೋಣ. 1850ರ ಕಾರ್ಖಾನೆ ಕಾಯ್ದೆಯಿಂದಾಗಿ ಬಟ್ಟೆ ಗಿರಣಿಗಳಲ್ಲಿ ಹೆಂಗಸರ, ಹದಿಹರೆಯದವರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕಾಯಿತು. ಅವರಿಲ್ಲದೆ ಗಿರಣಿ ನಡೆಯದು, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ನಿಧಾನವಾಗಿ ಬೇರೆ ಉದ್ಯಮಗಳಿಗೂ ಶನಿವಾರದ ಅರ್ಧ ರಜೆ ಹಬ್ಬಿತು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಕ್ರೀಡೆಯ ಹೊತ್ತಾದದ್ದು ಹೀಗೆ. ಪಕ್ಕದೂರಿನಲ್ಲಿ ಪಂದ್ಯವಿದ್ದರೆ ತೊಂದರೆಯಿಲ್ಲ: ಗಿರಣಿ ಬಿಟ್ಟು, ಬೂಟು ಹಿಡಿದು, ಮೈದಾನಕ್ಕೆ ಓಡಿದರಾಯಿತು. ಆದರೆ ಬ್ರಾಡ್‌ಫರ್ಡಿನ ತಂಡ ಸಮುದ್ರತೀರದ ಹಲ್‌ಗೆ ಹೋಗಬೇಕೆಂದರೆ ರೈಲಿನಲ್ಲಿ ಇಡೀ ಯಾರ್ಕ್‌ಶೈರ್ ಜಿಲ್ಲೆಯನ್ನು ದಾಟಬೇಕು. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮೈದಾನಕ್ಕೆ ದೀಪವಿಲ್ಲ. ಎರಡೂವರೆಗಾದರೂ ಆಟ ಆರಂಭವಾಗಬೇಕು. ಅಂದಮೇಲೆ ಬೆಳಗ್ಗೆಯೇ ಕೆಲಸ ಬಿಟ್ಟು ಹೊರಡಬೇಕು, ಅಷ್ಟು ಗಂಟೆಯ ಕೂಲಿ ಖೋತಾ. ಅಗೆದ ಕಲ್ಲಿದ್ದಲಿಗೆ ತಕ್ಕಂತೆ ದುಡ್ಡು ಎಣಿಸಿಕೊಳ್ಳುವ ಗಣಿ ಕಾರ್ಮಿಕನಿಗಂತೂ ಗಣಿಗೆ ಇಳಿಯದ ದಿನ ಕೈಗೆ ಏನೂ ಬಾರದು.

ವಕೀಲನಿಗೋ ಜಮೀನ್ದಾರನ ಮಗನಿಗೋ ಈ ಲೆಕ್ಕವೇ ಇರಲಿಲ್ಲ. ತೊಂದರೆಯೆಂದರೆ, ನಿಯಮ ಬರೆಯುತ್ತಿದ್ದವರು ಅವರೇ. 1871ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಗ್ಬಿ ಫುಟ್‌ಬಾಲ್ ಯೂನಿಯನ್, ಶ್ರೀಮಂತರ ಖಾಸಗಿ ಶಾಲೆಗಳಲ್ಲಿ ಕಲಿತವರ ಕೂಟ. ಆಟ ಆಡುವುದು ಆಟಕ್ಕಾಗಿ, ಪ್ರತಿಫಲಕ್ಕಲ್ಲ ಎಂಬುದು ಅವರ ನಂಬಿಕೆ. ಅದನ್ನು ಬರೀ ಸೋಗು ಎಂದು ತಳ್ಳಿಹಾಕುವುದು ಸರಿಯಲ್ಲ, ಅನೇಕರು ಅದನ್ನು ಮನಸಾರೆ ನಂಬಿದ್ದರು. ಆದರೆ ಆ ನಂಬಿಕೆ ಅವರಿಗೆ ಪುಕ್ಕಟೆಯಾಗಿ ದಕ್ಕಿತ್ತು ಎಂಬುದನ್ನೂ ಹೇಳಬೇಕು.

ಇಲ್ಲಿ ನಮ್ಮ ದೇಶದ ಒಂದು ನಂಟನ್ನು ಹೇಳದೆ ಮುಂದೆ ಹೋಗಲಾರೆ. ಕಲ್ಕತ್ತೆಯ ಬ್ರಿಟಿಷರು ಕಟ್ಟಿಕೊಂಡಿದ್ದ ರಗ್ಬಿ ಕ್ಲಬ್ಬು 1870ರ ದಶಕದಲ್ಲಿ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿ ಈ ಯೂನಿಯನ್ನಿಗೆ ಕೊಟ್ಟಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಆಡುವುದು ಆ ಕಲ್ಕತ್ತಾ ಕಪ್‌ಗಾಗಿಯೇ. ಆಟಗಾರನ ಕೈಗೆ ಒಂದು ಶಿಲಿಂಗ್ ಬಿದ್ದರೂ ಮೈಲಿಗೆ ಎನ್ನುತ್ತಿದ್ದ ಸಂಸ್ಥೆಯ ಹೆಮ್ಮೆಯ ಪಾರಿತೋಷಕ ನಾಣ್ಯ ಕರಗಿಸಿ ಮಾಡಿದ್ದು!

ಇತ್ತ ಉತ್ತರದಲ್ಲಿ ಆಟ ಅಷ್ಟರಲ್ಲಿ ಕೈಬದಲಾಗಿತ್ತು. 1877ರಲ್ಲಿ ಯಾರ್ಕ್‌ಶೈರ್ ಕಪ್ ಶುರುವಾದದ್ದೇ ತಡ, ಊರೂರಿನ ಮಾನ ಕಪ್ಪಿಗೆ ಅಂಟಿಕೊಂಡಿತು. ಸಾವಿರಾರು ಜನ ಕಾಸು ಕೊಟ್ಟು ನೋಡಲು ಬಂದರು. ಗಿರಣಿ, ಗಣಿ, ಎರಕದ ಮನೆಗಳಿಂದ ಬಂದ ಹುಡುಗರು ತಂಡಗಳನ್ನು ತುಂಬಿದರು. ಬಾಗಿಲಲ್ಲಿ ದುಡ್ಡು ಸುರಿಯುತ್ತಿದ್ದಾಗ ಒಳಗೆ ಆಡುವವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆಂದು ನಂಬುವುದು ಕಷ್ಟ. ಒಳ್ಳೆಯ ಆಟಗಾರನಿಗೆ ಗುಟ್ಟಾಗಿ ಒಂದಿಷ್ಟು ಹಣ, ಇಲ್ಲವೇ ಒಂದು ಕೆಲಸ, ಇಂಥವು ಎಲ್ಲರಿಗೂ ಗೊತ್ತಿದ್ದ ರಹಸ್ಯಗಳು.

ಲಂಡನ್ನಿನವರ ಹೆದರಿಕೆಗೂ ಕಾರಣವಿತ್ತು. ಪಕ್ಕದ ಆಟ ಫುಟ್‌ಬಾಲಿನಲ್ಲಿ ಆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಡೆಸುವ ಎಫ್‌ಎ ಕಪ್‌ನ 1883ರ ಫೈನಲ್‌ನಲ್ಲಿ, ಯಾರ್ಕ್‌ಶೈರಿನ ಪಕ್ಕದ ಲ್ಯಾಂಕಾಶೈರ್ ಜಿಲ್ಲೆಯ ಕೆಲಸಗಾರರ ತಂಡ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಶ್ರೀಮಂತರ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು ಸೋಲಿಸಿತು. ಎರಡೇ ವರ್ಷದಲ್ಲಿ, 1885ರಲ್ಲಿ, ಫುಟ್‌ಬಾಲ್ ಸಂಸ್ಥೆ ಆಟಗಾರರಿಗೆ ಸಂಬಳ ಕೊಡುವುದನ್ನು ಅಧಿಕೃತವಾಗಿ ಒಪ್ಪಿತು. ಶಾಲೆ ಹುಡುಗರ ತಂಡಗಳು ಆ ಕಪ್ಪನ್ನು ಮತ್ತೆ ಗೆಲ್ಲಲೇ ಇಲ್ಲ. ಇದನ್ನು ನೋಡಿದ ರಗ್ಬಿ ಯೂನಿಯನ್ 1886ರಲ್ಲೇ ವೃತ್ತಿಪರತೆಯನ್ನು ನಿಷೇಧಿಸಿ ಬಾಗಿಲು ಹಾಕಿತು. ಸಂಬಳವೂ ಇಲ್ಲ, ಕಳೆದುಕೊಂಡ ಕೂಲಿಗೆ ಪರಿಹಾರವೂ ಇಲ್ಲ.

ಉತ್ತರದವರು ಆ ಬಾಗಿಲನ್ನು ಮೊದಲು ಸಭ್ಯವಾಗಿಯೇ ತಟ್ಟಿದರು. 1893ರ ಸೆಪ್ಟೆಂಬರ್ 20ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ಯಾಲೇಸ್ ಹೋಟೆಲಿನಲ್ಲಿ ಮಹಾಸಭೆ. ನಿಜವಾಗಿ ಕಳೆದುಕೊಂಡ ಹೊತ್ತಿಗೆ ಪರಿಹಾರ ಕೊಡಲು ಅವಕಾಶವಿರಲಿ ಎಂದು ಯಾರ್ಕ್‌ಶೈರಿನ ಜೇಮ್ಸ್ ಮಿಲ್ಲರ್ ಗೊತ್ತುವಳಿ ಮಂಡಿಸಿದರು. ಇದಕ್ಕೆ ಅವರು ಬಳಸುತ್ತಿದ್ದ ಹೆಸರು ಬ್ರೋಕನ್ ಟೈಮ್. ಸಂಬಳ ಕೇಳಿದ್ದಲ್ಲ, ನಷ್ಟ ತುಂಬಿಕೊಡಿ ಎಂದದ್ದು. ಉತ್ತರದ ಪ್ರತಿನಿಧಿಗಳು ವಿಶೇಷ ರೈಲುಗಳಲ್ಲಿ ಬಂದಿದ್ದರು. ಆದರೆ ನಮ್ಮ ಸಹಕಾರ ಸಂಘಗಳ ಚುನಾವಣೆ ಕಂಡವರಿಗೆ ಗೊತ್ತಿರುತ್ತದಲ್ಲ, ಸಭೆಗೆ ಬಂದವರ ತಲೆ ಎಣಿಸಿದರೆ ಸಾಲದು, ಯಾರ ಜೇಬಿನಲ್ಲಿ ಯಾರ ಮತವಿದೆ ಎಂದು ನೋಡಬೇಕು. ಬಾರದವರ ಪರವಾಗಿ ಹಾಕುವ ಬದಲಿ ಮತಗಳನ್ನು ವಿರೋಧಿಗಳು ನೂರಕ್ಕೂ ಮಿಕ್ಕಿ ಕೂಡಿಟ್ಟುಕೊಂಡಿದ್ದರು. ಗೊತ್ತುವಳಿಗೆ 136 ಮತ, ವಿರೋಧಕ್ಕೆ 282.

ಸೋಲಿನ ನಂತರ ಬಂದದ್ದು ಬೇಟೆಯ ಕಾಲ. ಹಣದ ಆಸೆ ತೋರಿಸಿ ಆಟಗಾರರನ್ನು ಸೆಳೆದ ಆರೋಪದ ಮೇಲೆ ಹಡರ್ಸ್‌ಫೀಲ್ಡ್ ಕ್ಲಬ್ಬನ್ನು ಅಮಾನತು ಮಾಡಲಾಯಿತು. ಲ್ಯಾಂಕಾಶೈರಿನಲ್ಲಿ ಲೀ, ಸಾಲ್ಫರ್ಡ್, ವಿಗನ್ ಕ್ಲಬ್ಬುಗಳಿಗೂ ಅದೇ ಗತಿ. ಹಡರ್ಸ್‌ಫೀಲ್ಡ್ ಬಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದ ಪಾದ್ರಿ ಫ್ರಾಂಕ್ ಮಾರ್ಷಲ್, ಯಾರು ಯಾರಿಗೆ ದುಡ್ಡು ಕೊಟ್ಟರು ಎಂದು ಹುಡುಕುವುದನ್ನೇ ವ್ರತ ಮಾಡಿಕೊಂಡರು. ಮುಂದೆ ಕ್ಲಬ್ಬುಗಳೇ ತಮ್ಮ ನಿರ್ದೋಷಿತ್ವವನ್ನು ಸಾಬೀತು ಮಾಡಬೇಕು ಎಂಬ ನಿಯಮ ತರುವ ಮಾತು ಬಂದಾಗ, ಯಾವ ದಿನ ಯಾರ ಮೈದಾನಕ್ಕೆ ಬೀಗ ಬೀಳುತ್ತದೋ ತಿಳಿಯದ ಸ್ಥಿತಿ.

ಆದರೆ ಇದನ್ನು ಬಡವರ ಪರ ಎದ್ದ ಶುದ್ಧ ಬಂಡಾಯ ಎಂದು ಬಣ್ಣಿಸುವವರ ಮಾತನ್ನು ಪೂರ್ತಿ ನಂಬಬೇಡಿ. ಬಂಡೆದ್ದದ್ದು ಆಟಗಾರರಲ್ಲ, ಕ್ಲಬ್ಬುಗಳನ್ನು ನಡೆಸುತ್ತಿದ್ದ ವ್ಯಾಪಾರಿಗಳು, ಗಿರಣಿ ಯಜಮಾನರು. ಅವರಿಗೆ ಇನ್ನೊಂದು ಹಿತಾಸಕ್ತಿಯೂ ಇತ್ತು. ಯಾರ್ಕ್‌ಶೈರಿನ ಮೇಲ್ದರ್ಜೆ ಲೀಗ್‌ನ ಕ್ಲಬ್ಬುಗಳಿಗೆ, ಕೆಳದರ್ಜೆಯಲ್ಲಿ ಗೆದ್ದವರು ತಾನಾಗಿ ಮೇಲೇರಿ ಬರುವುದು ಬೇಡವಾಗಿತ್ತು. ಅದು ಬೇಕೆಂದು ಜಿಲ್ಲಾ ಸಂಘ ಪಟ್ಟು ಹಿಡಿದಿತ್ತು. ದೊಡ್ಡ ಊರುಗಳ ಕ್ಲಬ್ಬುಗಳಿಗೆ ದೊಡ್ಡ ಎದುರಾಳಿಗಳು ಬೇಕು, ಜನ ಬರಬೇಕು, ತಮ್ಮ ಜಾಗ ಭದ್ರವಾಗಿರಬೇಕು. ಕೂಲಿಯ ನ್ಯಾಯ ಮತ್ತು ಗಲ್ಲಾಪೆಟ್ಟಿಗೆಯ ಲೆಕ್ಕ ಎರಡೂ ಒಂದೇ ಕಡೆ ತಿರುಗಿದ್ದರಿಂದಲೇ ಬಂಡಾಯ ಗಟ್ಟಿಯಾಯಿತು.

1895ರ ಆಗಸ್ಟ್ 29ರ ಗುರುವಾರ ಸಂಜೆ, ಹಡರ್ಸ್‌ಫೀಲ್ಡ್ ರೈಲು ನಿಲ್ದಾಣದ ಪಕ್ಕದ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತೊಂದು ಕ್ಲಬ್ಬುಗಳವರು ಸೇರಿದರು. ಡ್ಯೂಸ್‌ಬರಿ ಹಿಂಜರಿಯಿತು. ಉಳಿದ ಇಪ್ಪತ್ತು ರಾಜೀನಾಮೆ ಕೊಟ್ಟು ನಾರ್ದರ್ನ್ ಯೂನಿಯನ್ ಕಟ್ಟಿದವು. ಸ್ಟಾಕ್‌ಪೋರ್ಟ್ ದೂರದಿಂದಲೇ ತಂತಿ ಕಳಿಸಿ ಸೇರಿಕೊಂಡಿತು, ಮುಂದಿನ ಸಭೆಯಲ್ಲಿ ರನ್‌ಕಾರ್ನ್ ಬಂತು. ಬ್ರಿಗ್‌ಹೌಸ್ ರೇಂಜರ್ಸ್‌ನ ವಾಲರ್ ಅಧ್ಯಕ್ಷರಾದರು, ಓಲ್ಡಮ್‌ನ ಜೋಸೆಫ್ ಪ್ಲಾಟ್ ಕಾರ್ಯದರ್ಶಿಯಾದರು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಬ್ರಾಡ್‌ಫರ್ಡ್ ವೇಕ್‌ಫೀಲ್ಡ್ ಟ್ರಿನಿಟಿಯನ್ನು 11–0ರಿಂದ ಸೋಲಿಸಿತು. ಲೀಡ್ಸ್ ತಂಡ ಲ್ಯಾಂಕಾಶೈರಿನ ಲೀ ಊರಿಗೆ ಹೋಗಿ 6–3ರಿಂದ ಗೆದ್ದು ಬಂತು.

ಈ ಋತುವಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಪ್ಪತ್ತೆರಡು ಕ್ಲಬ್ಬುಗಳಲ್ಲಿ ಯಾರ್ಕ್‌ಶೈರಿನವು ಹನ್ನೊಂದು, ಲ್ಯಾಂಕಾಶೈರ್–ಚೆಶೈರ್ ಕಡೆಯವು ಹನ್ನೊಂದು. ಪ್ರತಿಯೊಬ್ಬರೂ ಉಳಿದ ಇಪ್ಪತ್ತೊಂದು ಕ್ಲಬ್ಬುಗಳೊಡನೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡಬೇಕು. ತಲಾ 42 ಪಂದ್ಯ, ಒಟ್ಟು 462. ಸೆಪ್ಟೆಂಬರ್ 7ರಿಂದ ಏಪ್ರಿಲ್ ಕೊನೆಯವರೆಗೆ ಸಿಗುವ ಶನಿವಾರಗಳು ಮೂವತ್ತನಾಲ್ಕು. ಮಿಕ್ಕ ಪಂದ್ಯಗಳನ್ನು ಕ್ರಿಸ್ಮಸ್, ಈಸ್ಟರ್‌ನಂಥ ಹಬ್ಬದ ದಿನಗಳಲ್ಲೋ ವಾರದ ಮಧ್ಯದಲ್ಲೋ ತುರುಕಲೇಬೇಕು. ಅಂದರೆ ಕೂಲಿ ತಪ್ಪುತ್ತದೆ ಎಂದು ಬೇರೆಯಾದವರು, ಇನ್ನೂ ಹೆಚ್ಚು ಕೂಲಿ ತಪ್ಪಿಸುವ ವೇಳಾಪಟ್ಟಿ ಹಾಕಿಕೊಂಡಿದ್ದರು. ಎರಡು ಜಿಲ್ಲೆಗಳ ನಡುವಿನ ಪೆನೈನ್ ಬೆಟ್ಟಸಾಲಿನ ಈಚೆಯಿಂದ ಆಚೆಗೆ ಚಳಿಗಾಲವಿಡೀ ರೈಲು ಹತ್ತಿ ಇಳಿಯುವುದೇ ಕೆಲಸವಾಯಿತು. ಎರಡೂ ಕಡೆಯ ತಂಡಗಳಿಗೆ ಪ್ರತ್ಯೇಕ ಅಂಕಪಟ್ಟಿ ಬೇರೆ ಇತ್ತು. ಲ್ಯಾಂಕಾಶೈರ್ ಪಟ್ಟಿಯಲ್ಲಿ ರನ್‌ಕಾರ್ನ್ ಮೊದಲಾಯಿತು, ಯಾರ್ಕ್‌ಶೈರ್ ಪಟ್ಟಿಯಲ್ಲಿ ಮ್ಯಾನಿಂಗ್‌ಹ್ಯಾಮ್.

ಒಟ್ಟು ಪಟ್ಟಿಯ ತುದಿಯಲ್ಲೂ ಮ್ಯಾನಿಂಗ್‌ಹ್ಯಾಮೇ. ಇದು ಬ್ರಾಡ್‌ಫರ್ಡ್ ನಗರದ ಒಂದು ಬಡಾವಣೆ. ಅಲ್ಲಿನ ಲಿಸ್ಟರ್ ರೇಷ್ಮೆ ಗಿರಣಿಯಲ್ಲಿ 1890ರ ಡಿಸೆಂಬರ್‌ನಿಂದ ತಿಂಗಳುಗಟ್ಟಲೆ ನಡೆದ ಮುಷ್ಕರ ಕೆಲಸಗಾರರ ಸೋಲಿನಲ್ಲಿ ಮುಗಿದಿತ್ತು. ಆ ಸೋಲಿನ ಬಿಸಿಯಲ್ಲೇ 1893ರಲ್ಲಿ ಬ್ರಾಡ್‌ಫರ್ಡಿನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಎಂಬ ಕಾರ್ಮಿಕ ಪಕ್ಷ ಹುಟ್ಟಿತು. ಕೂಲಿ ಕಡಿತದ ನೋವು ಆ ಊರಿಗೆ ಯಾರೂ ಪಾಠ ಹೇಳಿ ತಿಳಿಯಬೇಕಾದದ್ದಲ್ಲ. ನಗರದಲ್ಲಿ ಪಾರ್ಕ್ ಅವೆನ್ಯೂ ಮೈದಾನದ ಬ್ರಾಡ್‌ಫರ್ಡ್ ಕ್ಲಬ್ಬೇ ಸಿರಿವಂತ ಹಿರಿಯಣ್ಣ. ವ್ಯಾಲಿ ಪೆರೇಡ್ ಎಂಬ ಇಳಿಜಾರಿನ ಮೈದಾನದಲ್ಲಿ ಆಡುತ್ತಿದ್ದ ಮ್ಯಾನಿಂಗ್‌ಹ್ಯಾಮ್ ಪ್ರಶಸ್ತಿ ಗೆಲ್ಲುತ್ತದೆಂದು ಹೆಚ್ಚು ಜನ ಎಣಿಸಿರಲಾರರು.

ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಮ್ಯಾನಿಂಗ್‌ಹ್ಯಾಮ್ 33 ಗೆದ್ದು 9 ಸೋತಿತು, ಒಂದೂ ಡ್ರಾ ಇಲ್ಲ: 66 ಅಂಕ. ಹ್ಯಾಲಿಫ್ಯಾಕ್ಸ್ ಗೆದ್ದದ್ದು 30, ಡ್ರಾ 5, ಸೋಲು 7: 65 ಅಂಕ. ಕಡಿಮೆ ಸೋತವರು ಎರಡನೆಯವರಾದರು. ಆ ಐದು ಡ್ರಾಗಳಲ್ಲಿ ಒಂದನ್ನು ಗೆಲುವಾಗಿಸಿಕೊಂಡಿದ್ದರೆ ಹ್ಯಾಲಿಫ್ಯಾಕ್ಸ್ ಸಮಕ್ಕೆ ಬರುತ್ತಿತ್ತು, ಎರಡನ್ನು ಗೆದ್ದಿದ್ದರೆ ಇತಿಹಾಸದ ಮೊದಲ ಚಾಂಪಿಯನ್ ಅದೇ ಆಗುತ್ತಿತ್ತು. ಏಳು ತಿಂಗಳ ಪೈಪೋಟಿ ಕೊನೆಯ ದಿನದವರೆಗೂ ಎಳೆಯಿತು. ಲೀಡ್ಸ್ ನಗರದ ಹನ್ಸ್ಲೆಟ್ ಮೈದಾನದಲ್ಲಿ ಗೆಲ್ಲಲೇಬೇಕಿದ್ದ ಮ್ಯಾನಿಂಗ್‌ಹ್ಯಾಮ್ ಗೆದ್ದಿತು. ಪಟ್ಟಿಯ ತಳದಲ್ಲಿ ರಾಚ್‌ಡೇಲ್ ಹಾರ್ನೆಟ್ಸ್ ಉಳಿಯಿತು.

ಇನ್ನು ಪಂದ್ಯಗಳಲ್ಲಿ ಚಾಂಪಿಯನ್ನರು ಗಳಿಸಿದ ಅಂಕಗಳನ್ನು ನೋಡಿ: 42 ಪಂದ್ಯಗಳಲ್ಲಿ ಗಳಿಸಿದ್ದು 367, ಬಿಟ್ಟುಕೊಟ್ಟದ್ದು 158. ಪಂದ್ಯಕ್ಕೆ ಒಂಬತ್ತು ಅಂಕವೂ ಇಲ್ಲದ ಸರಾಸರಿಯಲ್ಲಿ ಪ್ರಶಸ್ತಿ! ಇವತ್ತಿನ ರಗ್ಬಿ ಲೀಗ್‌ನಲ್ಲಿ ಸೋತ ತಂಡವೂ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಗಳಿಸುತ್ತದೆ. ಹದಿನೈದು ಹದಿನೈದು ಜನ, ಅದರಲ್ಲೂ ಮುಂದಿನ ಸಾಲಿನವರೆಲ್ಲ ಚೆಂಡಿನ ಸುತ್ತ ಗುಡ್ಡೆಬಿದ್ದು ಒದ್ದಾಡುವ ಆಟದಲ್ಲಿ ಒಂದು ಟ್ರೈ ಬರುವುದೇ ಹಬ್ಬ. ಹಾಗಾಗಿ ಒದೆಯಲ್ಲಿ ಗುರಿ ತಪ್ಪದವನಿಗೆ ಬೆಲೆ. ಮ್ಯಾನಿಂಗ್‌ಹ್ಯಾಮಿನ ಜಾರ್ಜ್ ಲಾರಿಮರ್ ಅಂಥವರು, ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವರು. ಮರುವರ್ಷವೇ ಟೈಫಾಯ್ಡ್ ಅವರನ್ನು ಬಲಿ ತೆಗೆದುಕೊಂಡಿತು.

ಈ ಹೊಸ ಯೂನಿಯನ್ ವೃತ್ತಿಪರರ ಕೂಟವಾಗಿತ್ತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೊದಲ ಋತುವಿನ ಮಟ್ಟಿಗೆ ಅದು ತಪ್ಪು. ಆಡುವುದೇ ಕಸುಬಾಗುವುದು ಇವರಿಗೂ ಬೇಡವಾಗಿತ್ತು. 1898ರಲ್ಲಿ ಬಹಿರಂಗವಾಗಿ ಹಣ ಕೊಡಲು ಒಪ್ಪಿದಾಗಲೂ ಆಟಗಾರನಿಗೆ ನಿಜವಾದ ಒಂದು ಕೆಲಸ ಇರಲೇಬೇಕೆಂಬ ಷರತ್ತು ಹಾಕಿದರು. ಕೆಲಸ ಕಳೆದುಕೊಂಡವನು ಆಡುವ ಹಕ್ಕನ್ನೂ ಕಳೆದುಕೊಂಡ. ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕ ಬರೆಯುವುದು, ಹೆಂಡದಂಗಡಿಯಲ್ಲಿ ಲೋಟ ಹಂಚುವುದು ಇವೆಲ್ಲ ಕೆಲಸವೆಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಗಿರಣಿ ಯಜಮಾನರ ಮನಸ್ಸು ಇಲ್ಲಿ ಚೆನ್ನಾಗಿ ಕಾಣುತ್ತದೆ: ಆಟಗಾರನಿಗೆ ನಷ್ಟವಾಗಬಾರದು, ಆದರೆ ಅವನು ಸೋಮವಾರ ಕೆಲಸಕ್ಕೆ ಬರಬೇಕು. ಈ ಷರತ್ತು 1905ರವರೆಗೂ ನಿಂತಿತು.

ಲಂಡನ್ನಿನ ಕಡೆಯಿಂದ ಬಹಿಷ್ಕಾರ ಬಂತು. ನಾರ್ದರ್ನ್ ಯೂನಿಯನ್ ಪರ ಅಥವಾ ಅದರ ವಿರುದ್ಧ ಒಂದು ಪಂದ್ಯ ಆಡಿದರೂ ಹಳೆಯ ಮನೆಗೆ ಮತ್ತೆ ಪ್ರವೇಶವಿಲ್ಲ, ಒಂದು ಕಾಸು ಮುಟ್ಟದಿದ್ದರೂ ಸರಿ. ಹೀಗಾಗಿ 1894ರಲ್ಲಿ ಇಂಗ್ಲೆಂಡಿನ ನಾಯಕನಾಗಿದ್ದ, ದುಡಿಯುವ ಮನೆತನದ ಡಿಕಿ ಲಾಕ್‌ವುಡ್ ವೇಕ್‌ಫೀಲ್ಡ್ ಟ್ರಿನಿಟಿ ಸೇರಿದಾಗ ದೇಶದ ಅಂಗಿ ಅವರಿಗೆ ಶಾಶ್ವತವಾಗಿ ದೂರವಾಯಿತು. ನಷ್ಟ ಒಬ್ಬರದ್ದಲ್ಲ. ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳೊಡನೆ ಆಡುವ ಚಾಂಪಿಯನ್‌ಶಿಪ್ಪನ್ನು 1892ರಲ್ಲಿ ಎದುರಾಳಿಗಳಿಗೆ ಒಂದು ಅಂಕವನ್ನೂ ಕೊಡದೆ ಗೆದ್ದಿದ್ದ ಇಂಗ್ಲೆಂಡ್, ಆ ಚಾಂಪಿಯನ್‌ಶಿಪ್ಪನ್ನು ಮತ್ತೆ ಗೆಲ್ಲಲು 1910ರವರೆಗೆ ಕಾಯಬೇಕಾಯಿತು. 1893ರಲ್ಲಿ 481 ಕ್ಲಬ್ಬುಗಳಿದ್ದ ರಗ್ಬಿ ಫುಟ್‌ಬಾಲ್ ಯೂನಿಯನ್ನಿನಲ್ಲಿ ಹತ್ತು ವರ್ಷದ ನಂತರ ಉಳಿದವು 244.

ಇನ್ನು ನಿಯಮಗಳ ವಿಚಾರ. ಒಮ್ಮೆ ಆಟಗಾರನಿಗೆ ಕೊಡುತ್ತೇವೆಂದ ಮೇಲೆ ಆ ದುಡ್ಡು ಬಾಗಿಲಿನಿಂದಲೇ ಬರಬೇಕು. ಬಾಗಿಲಿಗೆ ಜನ ಬರಬೇಕಾದರೆ ಆಟ ಕಣ್ಣಿಗೆ ಕಾಣಬೇಕು. ಪಕ್ಕದ ಬೀದಿಯಲ್ಲಿ ಫುಟ್‌ಬಾಲ್ ಎಂಬ ಪ್ರತಿಸ್ಪರ್ಧಿ ಬೇರೆ ಇದ್ದ. ಆರು ಶಿಲಿಂಗಿನ ತೀರ್ಮಾನ ಒಂದೊಂದೇ ನಿಯಮವನ್ನು ಅಲುಗಾಡಿಸಿದ್ದು ಈ ದಾರಿಯಲ್ಲಿ. 1897ರಲ್ಲಿ ಲೈನ್‌ಔಟ್ ತೆಗೆದುಹಾಕಿದರು. ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ ಎಲ್ಲ ಗೋಲುಗಳಿಗೂ, ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದ್ದು ನಾಲ್ಕು ಅಂಕ ತರುತ್ತಿದ್ದ ಡ್ರಾಪ್ ಗೋಲೂ ಸೇರಿ, ಎರಡೇ ಅಂಕವೆಂದರು. ಮೂರು ಅಂಕದ ಟ್ರೈ ಅಲ್ಲಿಗೆ ಮೇಲಾಯಿತು, ಒದೆಯುವುದಕ್ಕಿಂತ ಓಡುವುದು ಲಾಭವಾಯಿತು. 1906ರಲ್ಲಿ ತಂಡಕ್ಕೆ ಹದಿಮೂರೇ ಜನ ಎಂದರು, ಇಬ್ಬರು ಕಡಿಮೆಯಾಗಿ ಮೈದಾನ ಬಿಚ್ಚಿಕೊಂಡಿತು. ಅದೇ ವರ್ಷ, ಚೆಂಡು ಹಿಡಿದವನನ್ನು ಕೆಡವಿದರೆ ಅವನು ಎದ್ದು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುವ ಕ್ರಮ ಬಂತು. ಇವತ್ತು ಟೀವಿಯಲ್ಲಿ ರಗ್ಬಿ ಲೀಗನ್ನು ಗುರುತು ಹಿಡಿಯಲು ಇದೊಂದೇ ಸಾಕು. ಬೇರೆಯಾದ ಹನ್ನೊಂದು ವರ್ಷದ ಮೇಲೆ ಅದು ಬೇರೆ ಆಟವಾಯಿತು. ಸಂಸ್ಥೆ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಈಗಿನ ಹೆಸರಿಟ್ಟುಕೊಂಡದ್ದು 1922ರಲ್ಲಿ.

42 ಪಂದ್ಯಗಳ ವೇಳಾಪಟ್ಟಿಯನ್ನು ಮಾತ್ರ ಒಂದೇ ವರ್ಷಕ್ಕೆ ಕೈಬಿಟ್ಟರು. 1896–97ರಲ್ಲಿ ಯಾರ್ಕ್‌ಶೈರಿಗೊಂದು, ಲ್ಯಾಂಕಾಶೈರಿಗೊಂದು ಲೀಗ್ ಮಾಡಿ, ಎರಡು ಕಡೆಯವರೂ ಎದುರಾಗಲು ಚಾಲೆಂಜ್ ಕಪ್ ಆರಂಭಿಸಿದರು. 1897ರ ಏಪ್ರಿಲ್ 24ರಂದು ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಬ್ಯಾಟ್ಲಿ 10–3ರಿಂದ ಸೇಂಟ್ ಹೆಲೆನ್ಸನ್ನು ಸೋಲಿಸಿತು.

ಆ ಇಪ್ಪತ್ತೆರಡರಲ್ಲಿ ವಿಗನ್, ಲೀಡ್ಸ್, ಹಲ್, ವಾರಿಂಗ್ಟನ್, ಸೇಂಟ್ ಹೆಲೆನ್ಸ್ ಇಂದಿಗೂ ದೊಡ್ಡ ಹೆಸರುಗಳು. ಟಿಲ್ಡ್ಸ್‌ಲಿ, ಲಿವರ್‌ಸೆಜ್, ಸ್ಟಾಕ್‌ಪೋರ್ಟ್, ರನ್‌ಕಾರ್ನ್ ಕ್ಲಬ್ಬುಗಳು ಅಳಿದವು. ಮ್ಯಾನಿಂಗ್‌ಹ್ಯಾಮಿನ ಕಥೆ ಇವೆರಡಕ್ಕೂ ಸೇರದು. ಕೆಲವೇ ವರ್ಷಗಳಲ್ಲಿ ಅದು ಎರಡನೇ ದರ್ಜೆಗೆ ಇಳಿದು ಸಾಲಕ್ಕೆ ಬಿತ್ತು. 1903ರಲ್ಲಿ ಒಂದು ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿ ಹಣ ಕೂಡಿಸಿದರು. ಇನ್ನೊಂದು ಋತು ರಗ್ಬಿ ಆಡಲು ಅದು ನೆರವಾಗುತ್ತಿತ್ತೇನೋ, ಆದರೆ ಸಮಿತಿಯವರು ರಗ್ಬಿಯನ್ನೇ ಬಿಟ್ಟು ಫುಟ್‌ಬಾಲಿಗೆ ಹೊರಳಿದರು. ರಗ್ಬಿಯ ನೆಲದಲ್ಲಿ ಕಾಲೂರಲು ಕಾಯುತ್ತಿದ್ದ ಫುಟ್‌ಬಾಲ್ ಲೀಗ್, ಒಂದೂ ಪಂದ್ಯ ಆಡದ ಈ ಕ್ಲಬ್ಬನ್ನು ನೇರವಾಗಿ ಎರಡನೇ ಡಿವಿಷನ್ನಿಗೆ ಸೇರಿಸಿಕೊಂಡಿತು. ಮೈದಾನ ಅದೇ ವ್ಯಾಲಿ ಪೆರೇಡ್, ಅಂಗಿಯ ಬಣ್ಣಗಳೂ ಹಳೆಯವೇ, ಹೆಸರು ಮಾತ್ರ ಬ್ರಾಡ್‌ಫರ್ಡ್ ಸಿಟಿ. 1911ರಲ್ಲಿ ನ್ಯೂಕಾಸಲ್ ಯುನೈಟೆಡನ್ನು ಮರುಪಂದ್ಯದಲ್ಲಿ 1–0ರಿಂದ ಮಣಿಸಿ ಅದು ಎಫ್‌ಎ ಕಪ್ ಗೆದ್ದಿತು.